ಗಾಳಿಚಾಲಿತ ಮಂದ್ರಧ್ವನಿ ಯಂತ್ರಗಳು

ಕೋನ್ ಮತ್ತು ಅಯಸ್ಕಾಂತದ ಮಾಮೂಲಿ ಸ್ಪೀಕರ್ ಬಳಸದೆ, ಹರಿಯುವ ಗಾಳಿಯನ್ನೇ ತಡೆದು, ಬಿಟ್ಟು, ತಿರುವಿ ಅಥವಾ ಕಾಯಿಸಿ ತೀರ ತಗ್ಗಿನ ಧ್ವನಿ ಹೊರಡಿಸುವ ಸಾಧನಗಳು. ಇಗರ್ಜಿಯ ಆರ್ಗನ್ನಿನ ಅತಿ ಉದ್ದದ ಕೊಳವೆ, ಮಂಜು ಕವಿದಾಗ ಹಡಗುಗಳನ್ನು ಎಚ್ಚರಿಸುತ್ತಿದ್ದ ಕಡಲಂಚಿನ ಕಹಳೆ, ಉಪಗ್ರಹಗಳನ್ನು ಗದ್ದಲಕ್ಕೊಡ್ಡಿ ಪರೀಕ್ಷಿಸುವ ಕೋಣೆ, ರೆಕ್ಕೆಗಳ ಓರೆಯನ್ನು ಕ್ಷಣಕ್ಷಣಕ್ಕೂ ಬದಲಿಸುತ್ತ ತಿರುಗುವ ಫ್ಯಾನು, ಬಾಯ್ಲರಿನೊಳಗಿನ ಮಸಿ ಉದುರಿಸುವ ಕೊಳವೆ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ನೋಡಲು ಒಂದಕ್ಕೊಂದು ನಂಟಿಲ್ಲದ ಇವು ಎದುರಿಸುವ ಕಷ್ಟ ಮಾತ್ರ ಒಂದೇ: ಸ್ವರ ಕೆಳಗಿಳಿದಷ್ಟೂ ಅಲುಗಿಸಬೇಕಾದ ಗಾಳಿಯ ಪ್ರಮಾಣ ವಿಪರೀತ ಏರುತ್ತದೆ.

ಮನುಷ್ಯನ ಕಿವಿಯ ವ್ಯಾಪ್ತಿ ಸೆಕೆಂಡಿಗೆ 20ರಿಂದ 20,000 ಕಂಪನಗಳು ಎಂದು ಶಾಲೆಯ ಪುಸ್ತಕಗಳು ಹೇಳುತ್ತವೆ. 20 ಹರ್ಟ್ಜ್‌ಗಿಂತ ಕೆಳಗಿನದನ್ನು ಅವಶ್ರವ್ಯ ಧ್ವನಿ ಎನ್ನುವ ರೂಢಿ. ಆದರೆ 20ರ ಬಳಿ ಗೋಡೆಯೇನೂ ಇಲ್ಲ. ಧ್ವನಿ ತಗ್ಗಿದಂತೆ ಕಿವಿ ಮಂದವಾಗುತ್ತ ಹೋಗುತ್ತದೆ, ಅಷ್ಟೆ. 1,000 ಹರ್ಟ್ಜ್‌ನ ಸ್ವರ ಕೇಳಿಸಲು ಎರಡು ಮೂರು ಡೆಸಿಬೆಲ್ ಸಾಕು. 20 ಹರ್ಟ್ಜ್‌ಗೆ ಸುಮಾರು 78 ಡೆಸಿಬೆಲ್ ಬೇಕು. ಒತ್ತಡದ ಲೆಕ್ಕದಲ್ಲಿ ಈ ಅಂತರ ಸುಮಾರು 6,000 ಪಟ್ಟು. 10 ಹರ್ಟ್ಜ್‌ನಲ್ಲೂ ಸಾಕಷ್ಟು ಬಲ ಕೊಟ್ಟರೆ ಕಿವಿಗೆ ಏನೋ ತಿಳಿಯುತ್ತದೆ, ಆದರೆ ಸ್ವರವಾಗಿ ಅಲ್ಲ, ಕಿವಿದಮಟೆಯ ಮೇಲಿನ ಮಿಡಿತವಾಗಿ. ಹೀಗಾಗಿ ತಗ್ಗಿನ ಧ್ವನಿ ತಯಾರಿಸುವವನಿಗೆ ಎರಡು ಕಡೆಯಿಂದ ಹೊಡೆತ. ಕೇಳುವ ಕಿವಿಯೂ ಹೆಚ್ಚು ಒತ್ತಡ ಕೇಳುತ್ತದೆ, ಆ ಒತ್ತಡವನ್ನು ಹುಟ್ಟಿಸಲು ಗಾಳಿಯೂ ಹೆಚ್ಚು ಬೇಕಾಗುತ್ತದೆ.

ಗಾಳಿಯ ಲೆಕ್ಕ

ಧ್ವನಿಯ ಅಲೆಯುದ್ದಕ್ಕಿಂತ ಬಹಳ ಚಿಕ್ಕದಾದ ಯಾವುದೇ ಧ್ವನಿಮೂಲದಲ್ಲಿ ದೂರದ ಒತ್ತಡವನ್ನು ನಿರ್ಧರಿಸುವುದು ಅದು ಎಷ್ಟು ಗಾಳಿ ತಳ್ಳಿತು ಎಂಬುದಲ್ಲ, ಆ ಹರಿವಿನ ವೇಗ ಎಷ್ಟು ಬೇಗ ಬದಲಾಯಿತು ಎಂಬುದು. ಇದರ ಪರಿಣಾಮ ನಿಷ್ಠುರವಾದದ್ದು. ಒಂದು ಸ್ಥಾಯಿ ಕೆಳಗಿಳಿದರೆ, ಅಂದರೆ ಆವೃತ್ತಿ ಅರ್ಧವಾದರೆ, ಅದೇ ಒತ್ತಡಕ್ಕೆ ನಾಲ್ಕು ಪಟ್ಟು ಗಾಳಿಯನ್ನು ಹಿಂದೆಮುಂದೆ ಸರಿಸಬೇಕು.

ಬಯಲಿನಲ್ಲಿ 1 ಮೀಟರ್ ದೂರದಲ್ಲಿ 94 ಡೆಸಿಬೆಲ್ ಸಿಗಬೇಕು ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, 20 ಹರ್ಟ್ಜ್‌ಗೆ ಪ್ರತಿ ಕಂಪನದಲ್ಲೂ ಮುಂದಕ್ಕೆ ಸುಮಾರು 1 ಲೀಟರ್, ಹಿಂದಕ್ಕೆ ಅಷ್ಟೇ ಗಾಳಿ ಸರಿಯಬೇಕು. 10 ಹರ್ಟ್ಜ್‌ಗೆ ಇದು ಸುಮಾರು 4 ಲೀಟರ್, 5 ಹರ್ಟ್ಜ್‌ಗೆ 15 ಲೀಟರ್, 1 ಹರ್ಟ್ಜ್‌ಗೆ ಸುಮಾರು 375 ಲೀಟರ್. ದೊಡ್ಡ ಸಭಾಂಗಣಗಳಲ್ಲಿ ಇಡುವ 18 ಇಂಚಿನ ಸ್ಪೀಕರಿನ ಕೋನ್ ಅತ್ತ 1 ಸೆಂಟಿಮೀಟರ್, ಇತ್ತ 1 ಸೆಂಟಿಮೀಟರ್ ಚಲಿಸಿದರೆ ಸರಿಸುವುದು ಹೆಚ್ಚುಕಡಿಮೆ 1.2 ಲೀಟರ್. 20 ಹರ್ಟ್ಜ್‌ವರೆಗೆ ಅದು ಹೇಗೋ ನಿಭಾಯಿಸುತ್ತದೆ. 5 ಹರ್ಟ್ಜ್‌ಗೆ ಅಂಥವು ಹನ್ನೆರಡಾದರೂ ಬೇಕು. 1 ಹರ್ಟ್ಜ್‌ಗೆ ಮುನ್ನೂರರ ಮೇಲೆ.

ಮುಚ್ಚಿದ ಕೋಣೆಯಲ್ಲಿ ಕತೆ ಬೇರೆ. 20 ಹರ್ಟ್ಜ್ ಧ್ವನಿಯ ಅಲೆಯುದ್ದ ಸುಮಾರು 17 ಮೀಟರ್, 5 ಹರ್ಟ್ಜ್‌ನದು 69 ಮೀಟರ್. ಕೋಣೆ ಇದಕ್ಕಿಂತ ತೀರ ಚಿಕ್ಕದಾಗಿದ್ದಾಗ ಅಲೆ ಎಂಬುದು ಅದರೊಳಗೆ ಮೂಡುವುದೇ ಇಲ್ಲ. ಇಡೀ ಕೋಣೆಯ ಒತ್ತಡ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೆ. ಬಿಗಿಯಾಗಿ ಮುಚ್ಚಿದ 4 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ 94 ಡೆಸಿಬೆಲ್‌ಗೆ ಅರ್ಧ ಲೀಟರಿನಷ್ಟು ಗಾಳಿ ಸಾಕು, ಆವೃತ್ತಿ ಎಷ್ಟೇ ಕೆಳಗಿದ್ದರೂ. ಆದರೆ ಅಷ್ಟು ಬಿಗಿಯಾದ ಕೋಣೆಯಲ್ಲಿ ಯಾರೂ ವಾಸಿಸುವುದಿಲ್ಲ. ಬಾಗಿಲ ಸಂದು, ಕಿಟಕಿ, ಗವಾಕ್ಷಿಗಳಿಂದ ಗಾಳಿ ಸೋರುತ್ತದೆ, ನಿಧಾನದ ಏರಿಳಿತವಾದಷ್ಟೂ ಸೋರುವುದಕ್ಕೆ ಹೆಚ್ಚು ಸಮಯ ಸಿಗುತ್ತದೆ. ತಗ್ಗಿನ ತುದಿಯಲ್ಲಿ ಮತ್ತೆ ಗಾಳಿಯ ಹಸಿವೇ ಎದುರಾಗುತ್ತದೆ.

ಮಾಮೂಲಿ ಸ್ಪೀಕರಿನಲ್ಲಿ ಸಂಗೀತದ ವಿದ್ಯುತ್ ಸಂಕೇತವೇ ಕೂಲಿಯಾಳು. ಗಾಳಿಯನ್ನು ತಳ್ಳುವ ಇಡೀ ಭಾರ ಅದರ ಹೆಗಲ ಮೇಲೆ. ಈ ಲೇಖನದ ಮುಖ್ಯ ಯಂತ್ರಗಳು ಆ ಭಾರವನ್ನು ಇನ್ನೊಬ್ಬರಿಗೆ ಒಪ್ಪಿಸುತ್ತವೆ. ಕೆರೆಯ ತೂಬನ್ನು ಎತ್ತಿ ಇಳಿಸುವ ನೀರಗಂಟಿ ನೀರನ್ನು ತಳ್ಳುವುದಿಲ್ಲ. ಬಲ ಕೆರೆಯದು, ಅವನದು ಬಿಡುವ ಹಿಡಿಯುವ ಕೆಲಸ. ಹಾಗೆಯೇ ಇಲ್ಲಿ ಮೋಟಾರು, ಕಂಪ್ರೆಸರ್, ತಿದಿ ಅಥವಾ ಬೆಂಕಿ ಗಾಳಿಯನ್ನು ಹರಿಸುತ್ತದೆ, ಸಂಕೇತ ಆ ಹರಿವನ್ನು ಆಳುತ್ತದೆ. ನೂರಿಪ್ಪತ್ತೈದು ವರ್ಷಗಳಿಂದ ಬೇರೆ ಬೇರೆ ದೇಶಗಳ ಎಂಜಿನಿಯರುಗಳು ಮತ್ತೆ ಮತ್ತೆ ಇದೇ ಉಪಾಯಕ್ಕೆ ಬಂದು ಸೇರಿದ್ದಾರೆ.

ತಿರುಗುವ ವೂಫರ್

ಈ ಉಪಾಯದ ಅತ್ಯಂತ ಚೆಲುವಾದ ರೂಪ ಅಮೆರಿಕದ ಫ್ಲಾರಿಡಾದ ಟ್ಯಾಲಹಾಸಿ ನಗರದಲ್ಲಿ ಹುಟ್ಟಿತು. ಅಲ್ಲಿನ ಎಮಿನೆಂಟ್ ಟೆಕ್ನಾಲಜಿ ಸಂಸ್ಥೆಯ ಬ್ರೂಸ್ ಥಿಗ್ಪೆನ್ 2000ರ ದಶಕದಲ್ಲಿ ಟಿಆರ್‌ಡಬ್ಲ್ಯು-17 ಎಂಬ ತಿರುಗುವ ವೂಫರನ್ನು ಮಾರುಕಟ್ಟೆಗೆ ತಂದರು. ಕಣ್ಣಿಗೆ ಅದೊಂದು ಎಕ್ಸಾಸ್ಟ್ ಫ್ಯಾನು. ವಿದ್ಯುತ್ ಮೋಟಾರು ಅದರ ರೆಕ್ಕೆಗಳನ್ನು ನಿಮಿಷಕ್ಕೆ ಸುಮಾರು 800 ಸುತ್ತಿನಂತೆ ಒಂದೇ ವೇಗದಲ್ಲಿ ತಿರುಗಿಸುತ್ತಿರುತ್ತದೆ. ಆದರೆ ಪ್ರತಿ ರೆಕ್ಕೆಯೂ ತನ್ನ ಬುಡದಲ್ಲಿ ಓರೆಯಾಗಬಲ್ಲದು. ನಡುವಿನ ದಂಡದ ಬಳಿ ಸ್ಪೀಕರಿನಲ್ಲಿರುವಂಥದೇ ಸುರುಳಿ ಮತ್ತು ಅಯಸ್ಕಾಂತ ಇದ್ದು, ಸಂಕೇತ ಬಂದಂತೆ ಸುರುಳಿ ಅಲುಗಿ, ಚಿಕ್ಕ ಸನ್ನೆಗಳ ಮೂಲಕ ಎಲ್ಲ ರೆಕ್ಕೆಗಳ ಓರೆಯನ್ನು ಒಟ್ಟಿಗೆ ಬದಲಿಸುತ್ತದೆ. ಹೆಲಿಕಾಪ್ಟರಿನ ಪೈಲಟ್ ಮೇಲೇರಲು ರೆಕ್ಕೆಗಳ ಓರೆಯನ್ನು ಹೆಚ್ಚಿಸುವುದೂ ಇದೇ ರೀತಿ.

ಸಂಕೇತ ಇಲ್ಲದಾಗ ರೆಕ್ಕೆಗಳು ಚಪ್ಪಟೆಯಾಗಿ ಗಾಳಿಯನ್ನು ಅಂಚಿನಿಂದ ಸೀಳುತ್ತ ತಿರುಗುತ್ತವೆ; ಗಾಳಿ ಆ ಕಡೆಗೂ ಹೋಗದು, ಈ ಕಡೆಗೂ ಬಾರದು. ಸಂಕೇತ ಒಂದು ಕಡೆಗೆ ವಾಲಿದರೆ ರೆಕ್ಕೆಗಳು ಓರೆಯಾಗಿ ಕೋಣೆಯೊಳಕ್ಕೆ ಗಾಳಿ ನುಗ್ಗುತ್ತದೆ. ಮತ್ತೊಂದು ಕಡೆಗೆ ವಾಲಿದರೆ ಹೊರಕ್ಕೆ ಎಳೆಯಲ್ಪಡುತ್ತದೆ. ಸೆಕೆಂಡಿಗೆ ಹತ್ತು ಬಾರಿ ಹೀಗಾದರೆ ಅದು 10 ಹರ್ಟ್ಜ್‌ನ ಧ್ವನಿ. ಇಲ್ಲಿ ಎಷ್ಟು ದೂರ ಚಲಿಸಬಹುದು ಎಂಬ ಮಿತಿಯೇ ಇಲ್ಲ ಎಂಬುದನ್ನು ಗಮನಿಸಬೇಕು. ಕೋನ್ ತನ್ನ ಚೌಕಟ್ಟಿನ ಅಂಚು ಮುಟ್ಟಿದ ಮೇಲೆ ಮುಂದೆ ಹೋಗಲಾರದು. ಫ್ಯಾನು ಎಷ್ಟು ಹೊತ್ತು ಬೇಕಾದರೂ ಒಂದೇ ದಿಕ್ಕಿಗೆ ಗಾಳಿ ಹರಿಸುತ್ತಲೇ ಇರಬಲ್ಲದು. ಶೂನ್ಯ ಹರ್ಟ್ಜ್‌ನಲ್ಲಿ ಅದು ಬರೀ ಫ್ಯಾನು. ಅದಕ್ಕೇ ಅದರ ಕಾರ್ಯಕ್ಷೇತ್ರ 1ರಿಂದ 30 ಹರ್ಟ್ಜ್. ಮಾಮೂಲಿ ಸಬ್‌ವೂಫರ್ ಸೋಲುವಲ್ಲಿ ಇದು ಶುರುವಾಗುತ್ತದೆ.

ಫ್ಯಾನಿನ ಮುಂದಿನ ಗಾಳಿ ಹಿಂದಿನ ಗಾಳಿಯನ್ನು ನೇರವಾಗಿ ಸೇರುವಂತಿದ್ದರೆ ಒಂದು ಕಡೆಯ ಒತ್ತಡವನ್ನು ಇನ್ನೊಂದು ಕಡೆಯ ಕೊರತೆ ನುಂಗಿಹಾಕುತ್ತದೆ. ಆದ್ದರಿಂದ ಇದನ್ನು ಗೋಡೆಯಲ್ಲಿ ಅಥವಾ ಚಾವಣಿಯಲ್ಲಿ ಕೂರಿಸಿ, ಹಿಂಬದಿಗೆ ಅಟ್ಟವನ್ನೋ ಪಕ್ಕದ ಕೋಣೆಯನ್ನೋ ಇಡಿಯಾಗಿ ಬಿಟ್ಟುಕೊಡಬೇಕು. ಪೆಟ್ಟಿಗೆಯಲ್ಲಿಟ್ಟು ಮನೆಗೆ ತಂದು ಪ್ಲಗ್ ಹಾಕುವ ಸಾಮಾನಲ್ಲ ಅದು. ಮನೆಯೇ ಅದರ ಪೆಟ್ಟಿಗೆ. ಫ್ಯಾನಿನ ಸ್ವಂತ ಸದ್ದೂ ಇದೆ. ಐದು ರೆಕ್ಕೆ, ನಿಮಿಷಕ್ಕೆ 800 ಸುತ್ತು ಎಂದರೆ ಒಂದು ಬಿಂದುವನ್ನು ಸೆಕೆಂಡಿಗೆ 67 ಬಾರಿ ರೆಕ್ಕೆ ದಾಟುತ್ತದೆ; ಆ ಗುಂಯ್ಗುಡುವಿಕೆ, ಜೊತೆಗೆ ಗಾಳಿಯ ಸುಳಿಗಳ ಸುಯ್ಯೆನ್ನುವ ಸದ್ದು ಸಂಗೀತದ ನಡುವೆ ಕೇಳಿಸಬಾರದು. ಗಾಳಿ ನೇರ ಕೋಣೆಗೆ ಬರದೆ ಒಂದೆರಡು ತಿರುವು ಬಳಸಿ ಬರುವಂತೆ ದಾರಿ ಕಟ್ಟಿದರೆ ಮೇಲಿನ ಆವೃತ್ತಿಗಳ ಗದ್ದಲ ಅಲ್ಲೇ ಅಡಗುತ್ತದೆ. ಹತ್ತಾರು ಮೀಟರ್ ಅಲೆಯುದ್ದದ ಮಂದ್ರಕ್ಕೆ ಈ ತಿರುವುಗಳು ಲೆಕ್ಕಕ್ಕೇ ಇಲ್ಲ.

ಸಿನಿಮಾದ ಭೂಕಂಪವನ್ನು ಮನೆಯಲ್ಲಿ ಅನುಭವಿಸುವ ಶ್ರೀಮಂತ ಹವ್ಯಾಸಿಗಳು ಇದರ ಮೊದಲ ಗಿರಾಕಿಗಳಾದರು. ಆದರೆ ನನ್ನ ಮಟ್ಟಿಗೆ ಅದರ ಹಿರಿಯ ಉಪಯೋಗ ಬೇರೆಡೆ ಇದೆ. ಜ್ವಾಲಾಮುಖಿ, ಉಲ್ಕೆ, ಅಣುಸ್ಫೋಟಗಳಿಂದ ಹೊರಡುವ ಅವಶ್ರವ್ಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗುತ್ತವೆ. 1883ರಲ್ಲಿ ಕ್ರಕಟೋವ ಸಿಡಿದಾಗ ಹೊರಟ ಒತ್ತಡದ ಅಲೆ ಭೂಮಿಯನ್ನು ಹಲವು ಬಾರಿ ಸುತ್ತಿದ್ದನ್ನು ಆ ಕಾಲದ ವಾಯುಭಾರಮಾಪಕಗಳೇ ದಾಖಲಿಸಿದವು. 2022ರ ಜನವರಿಯಲ್ಲಿ ಟೋಂಗಾ ದ್ವೀಪಸಮೂಹದ ಸ್ಫೋಟದಲ್ಲೂ ಹಾಗೇ ಆಯಿತು. ಅಣುಪರೀಕ್ಷೆ ನಿಷೇಧ ಒಪ್ಪಂದದ ಕಾವಲಿಗಾಗಿ ಜಗತ್ತಿನಾದ್ಯಂತ 60 ಅವಶ್ರವ್ಯ ಕೇಂದ್ರಗಳ ಜಾಲವನ್ನು ಯೋಜಿಸಲಾಗಿದೆ. ಇಂಥ ಕೇಂದ್ರದ ಉಪಕರಣ ಸರಿಯಾಗಿ ಕೇಳಿಸಿಕೊಳ್ಳುತ್ತಿದೆಯೇ ಎಂದು ನೋಡಲು ಜ್ವಾಲಾಮುಖಿ ಸಿಡಿಯುವವರೆಗೆ ಕಾಯಬೇಕಾದ ಪರಿಸ್ಥಿತಿ ಇತ್ತು. ಹೇಳಿದಾಗ, ಹೇಳಿದ ಆವೃತ್ತಿಯಲ್ಲಿ ಅವಶ್ರವ್ಯ ಧ್ವನಿ ಹೊರಡಿಸುವ ಮೂಲವಾಗಿ ತಿರುಗುವ ವೂಫರನ್ನು ಬಳಸಬಹುದೆಂದು ಜೋಸೆಫ್ ಪಾರ್ಕ್, ಹವಾಯಿಯ ಮಿಲ್ಟನ್ ಗಾರ್ಸೆಸ್ ಮತ್ತು ಥಿಗ್ಪೆನ್ 2009ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ತೋರಿಸಿದರು. ಆಟಿಕೆಯೆಂದು ಹಲವರು ಕಂಡದ್ದು ಅಳತೆಯ ಸಾಧನವಾಯಿತು.

ಥಿಗ್ಪೆನ್‌ಗೆ ಮೊದಲೂ ಮೋಟಾರನ್ನು ಸ್ಪೀಕರಿಗೆ ಕಟ್ಟಿದವರಿದ್ದರು. ನಾಸಾಕ್ಕಾಗಿ ಧ್ವನಿಯ ಬಲದಿಂದ ವಸ್ತುಗಳನ್ನು ಗಾಳಿಯಲ್ಲಿ ತೇಲಿಸುವ ಪ್ರಯೋಗ ನಡೆಸುತ್ತಿದ್ದ ಇಂಟರ್‌ಸಾನಿಕ್ಸ್ ಸಂಸ್ಥೆಯಲ್ಲಿ ಟಾಮ್ ಡ್ಯಾನ್ಲಿ 1980ರ ದಶಕದಲ್ಲಿ ಸರ್ವೊ ಮೋಟಾರಿನ ಅರೆಸುತ್ತಿನ ಓಲಾಟವನ್ನು ಬೆಲ್ಟಿನ ಮೂಲಕ ಕೋನ್‌ಗೆ ಸಾಗಿಸುವ ಸ್ಪೀಕರ್ ಮಾಡಿದರು. ಸುರುಳಿ ಸುಟ್ಟುಹೋಗುವ ಭಯ ಅದರಲ್ಲಿರಲಿಲ್ಲ. 1990ರ ದಶಕದಲ್ಲಿ ಕಾರುಗಳಿಗಾಗಿ ಬಂದ ಫೀನಿಕ್ಸ್ ಗೋಲ್ಡ್ ಕಂಪನಿಯ ಸೈಕ್ಲೋನ್‌ನಲ್ಲಿ ಕೋನ್ ಬದಲು ದಂಡಕ್ಕೆ ಜೋಡಿಸಿದ ಹಲಗೆಗಳು ಉರುಳೆಯೊಳಗೆ ಅತ್ತಿತ್ತ ಹೊಯ್ದಾಡುತ್ತಿದ್ದವು. ಇವೆರಡರಲ್ಲೂ ಗಾಳಿಯನ್ನು ತಳ್ಳುವ ಬಲ ಸಂಕೇತದ್ದೇ. ಆದ್ದರಿಂದ ಇವು ಜಾಣ ಸ್ಪೀಕರುಗಳೇ ಹೊರತು ತೂಬಿನ ಜಾತಿಯವಲ್ಲ.

ಒತ್ತಡದ ಗಾಳಿ, ಅಲುಗುವ ವಾಲ್ವ್

ವಿದ್ಯುತ್ ಆಂಪ್ಲಿಫೈಯರ್ ಹುಟ್ಟುವ ಮೊದಲೇ ಗಾಳಿಯ ಆಂಪ್ಲಿಫೈಯರ್ ಹುಟ್ಟಿತ್ತು. ದನಿಯ ಕಂಪನದಿಂದ ವಾಲ್ವ್ ಅಲುಗಿಸಿ ಉಗಿ ಅಥವಾ ಒತ್ತಡದ ಗಾಳಿಯನ್ನು ಮಾತನಾಡಿಸುವ ಯೋಚನೆ 1870ರ ದಶಕದಲ್ಲೇ ಎಡಿಸನ್‌ಗೆ ಬಂದಿತ್ತು. ಅದನ್ನು ಕೆಲಸ ಮಾಡುವ ಯಂತ್ರವಾಗಿಸಿದವನು ಇಂಗ್ಲೆಂಡಿನ ಹೊರೇಸ್ ಶಾರ್ಟ್. ಮುಂದೆ ವಿಮಾನ ತಯಾರಿಕೆಗೆ ಹೆಸರಾದ ಶಾರ್ಟ್ ಸೋದರರಲ್ಲಿ ಹಿರಿಯ. 1900ರಲ್ಲಿ, ಪ್ಯಾರಿಸ್ಸಿನ ಮಹಾ ವಸ್ತುಪ್ರದರ್ಶನದ ವರ್ಷ, ಆತ ಈ ಯಂತ್ರವನ್ನು ಐಫೆಲ್ ಗೋಪುರದ ಮೇಲಿಂದ ಮೊಳಗಿಸಿದ. ಅದರ ಹಕ್ಕನ್ನು ಕೊಂಡು ತಿದ್ದಿ ಬೆಳೆಸಿದವನು ಉಗಿ ಟರ್ಬೈನಿನ ಜನಕ ಚಾರ್ಲ್ಸ್ ಪಾರ್ಸನ್ಸ್. ಗ್ರಾಮಫೋನ್ ಮುಳ್ಳು ಹಣಿಗೆಯಂಥ ಸೂಕ್ಷ್ಮ ವಾಲ್ವೊಂದನ್ನು ಅಲುಗಿಸುತ್ತದೆ, ಕಂಪ್ರೆಸರಿನಿಂದ ಬರುವ ಗಾಳಿ ಅದರ ಸಂದುಗಳಲ್ಲಿ ಏರಿಳಿದು ಕಹಳೆಗೆ ಹೋಗುತ್ತದೆ. ಆಕ್ಸೆಟೋಫೋನ್ ಎಂಬ ಹೆಸರಿನಲ್ಲಿ 1906ರ ಸುಮಾರಿಗೆ ಇದು ಮಾರಾಟಕ್ಕೂ ಬಂತು. ಪಾರ್ಸನ್ಸ್ ಇದನ್ನು ತಂತಿವಾದ್ಯಗಳಿಗೂ ಜೋಡಿಸಿ ನೋಡಿದ. ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ ಹೆನ್ರಿ ವುಡ್ ಅವರ ವಾದ್ಯವೃಂದದ ಡಬಲ್ ಬಾಸ್ ಈ ಯಂತ್ರದ ಬಲದಿಂದ ಮೊಳಗಿತು. ಗಾಳಿ ಸೋರುವ ಸುಯ್ಯೆಂಬ ಸದ್ದು ಯಂತ್ರದ ದೊಡ್ಡ ದೋಷವಾಗಿತ್ತು. 1925ರಲ್ಲಿ ರೈಸ್ ಮತ್ತು ಕೆಲಾಗ್ ರೂಪಿಸಿದ ಸುರುಳಿಯ ಸ್ಪೀಕರ್ ಬಂದಮೇಲೆ ಮನೆಗಳಲ್ಲಿ ಗಾಳಿಯ ಯಂತ್ರಕ್ಕೆ ಜಾಗ ಉಳಿಯಲಿಲ್ಲ.

ಆದರೆ ಬಾಹ್ಯಾಕಾಶ ಯುಗ ಅದನ್ನು ಮರಳಿ ಕರೆಯಿತು. ರಾಕೆಟ್ ನೆಲ ಬಿಡುವಾಗಿನ ಭೋರ್ಗರೆತ ಅದರ ಮೂತಿಯ ಕವಚವನ್ನು ದಾಟಿ ಒಳಗಿನ ಉಪಗ್ರಹವನ್ನು ನಡುಗಿಸುತ್ತದೆ. ಅಗಲವಾದ, ಹಗುರವಾದ ಸೌರಫಲಕಗಳು ಮತ್ತು ಆಂಟೆನಾಗಳು ಇದಕ್ಕೆ ಸುಲಭವಾಗಿ ತುತ್ತಾಗುತ್ತವೆ. ಹಾರಿಸುವ ಮೊದಲೇ ಅಂಥ ಗದ್ದಲವನ್ನು ನೆಲದ ಮೇಲೆ ಎಬ್ಬಿಸಿ ನೋಡಬೇಕೆಂದರೆ ನೂರಾರು ಘನ ಮೀಟರಿನ ಕೋಣೆಯನ್ನು 150 ಡೆಸಿಬೆಲ್‌ಗೂ ಮಿಗಿಲಾದ ಧ್ವನಿಯಿಂದ ತುಂಬಬೇಕು. ಕೋನ್ ಸ್ಪೀಕರಿಗೆ ಇದು ಬಲು ಭಾರಿ ಹೊರೆ. ವಿದ್ಯುತ್ ಸಂಕೇತದಿಂದ ಅಲುಗುವ ವಾಲ್ವಿನ ಮೂಲಕ ಒತ್ತಡದ ಅನಿಲವನ್ನು ಬೃಹತ್ ಕಹಳೆಗಳಿಗೆ ಹಾಯಿಸುವ ಯಂತ್ರಗಳೇ ಇಲ್ಲಿ ರಾಜರು. ಒಂದೊಂದು ಯಂತ್ರವೇ ಹತ್ತಾರು ಕಿಲೋವ್ಯಾಟ್ ಧ್ವನಿಶಕ್ತಿ ಹೊರಡಿಸಬಲ್ಲದು. ಮನೆಯ ಸ್ಪೀಕರ್ ಹೊರಡಿಸುವ ಧ್ವನಿಶಕ್ತಿ ಒಂದು ವ್ಯಾಟನ್ನು ಮುಟ್ಟುವುದೂ ಅಪರೂಪ ಎಂಬುದನ್ನು ನೆನೆದರೆ ಈ ಅಂತರ ಅರ್ಥವಾಗುತ್ತದೆ.

ನೆದರ್ಲೆಂಡ್ಸಿನ ನೂರ್ಡ್‌ವೈಕ್‌ನಲ್ಲಿ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ 1,600 ಘನ ಮೀಟರಿಗೂ ಹೆಚ್ಚಿನ ಕೋಣೆ ಇದೆ. ಅರ್ಧ ಮೀಟರ್ ದಪ್ಪದ ಕಾಂಕ್ರೀಟ್ ಗೋಡೆಗಳ ನಡುವೆ ನೈಟ್ರೋಜನ್ ಹರಿಸುವ ಕಹಳೆಗಳು 154 ಡೆಸಿಬೆಲ್ ಮೀರಿ ಮೊಳಗುತ್ತವೆ. ಅಮೆರಿಕದ ಒಹಾಯೊ ರಾಜ್ಯದ ಸ್ಯಾಂಡಸ್ಕಿ ಬಳಿಯ ನಾಸಾ ಕೋಣೆ 2,860 ಘನ ಮೀಟರಿನದು. ಅಲ್ಲಿ 36 ಕಹಳೆಗಳಿದ್ದು 163 ಡೆಸಿಬೆಲ್‌ವರೆಗೆ ಏರಬಲ್ಲವು. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಇಸ್ರೋದ ಅಗತ್ಯಕ್ಕಾಗಿ 1,100 ಘನ ಮೀಟರಿನ ಮಾರ್ದನಿ ಕೋಣೆಯನ್ನು 1980ರ ದಶಕದಿಂದ ನಡೆಸಿಕೊಂಡು ಬಂದಿದೆ. ನಮ್ಮ ಉಡಾವಣಾ ವಾಹನಗಳ ಭಾಗಗಳೂ ಉಪಗ್ರಹಗಳೂ ಆಕಾಶ ಕಾಣುವ ಮೊದಲು ಅಲ್ಲಿ ಗದ್ದಲದ ಪರೀಕ್ಷೆ ಎದುರಿಸಿವೆ. ರಾಕೆಟ್ ಹಾರುವುದನ್ನು ನಾಡೆಲ್ಲ ಟಿವಿಯಲ್ಲಿ ನೋಡುತ್ತದೆ. ಈ ಕೋಣೆಯ ಹೆಸರು ಕೇಳಿದವರು ಕಡಿಮೆ. ಇನ್ನಷ್ಟು ಜನ ತಿಳಿಯಬೇಕಾದ ಜಾಗ ಅದು.

ಗಾಳಿಗಿಂತ ನೈಟ್ರೋಜನ್ ಮೇಲೆನ್ನಲು ಕಾರಣಗಳಿವೆ. ದ್ರವರೂಪದಲ್ಲಿ ಕೂಡಿಟ್ಟುಕೊಂಡು ಬೇಕಾದಾಗ ಆವಿಯಾಗಿಸಿದರೆ ಭಾರಿ ಹರಿವು ಸಿಗುತ್ತದೆ. ಜೊತೆಗೆ ಅದು ಒಣ ಅನಿಲ. ಕೋಣೆ ಮೊಳಗುವಾಗ ಒಳಗೆ ಮನುಷ್ಯರಿರುವಂತಿಲ್ಲ. ಸದ್ದು ಮಾತ್ರವಲ್ಲ, ಉಸಿರಿಗೆ ಆಮ್ಲಜನಕವೂ ಇರದು. ವಾಲ್ವಿನ ಇನ್ನೊಂದು ಮಿತಿಯನ್ನೂ ಹೇಳಬೇಕು. ತಿರುಗುವ ವೂಫರಿನಂತೆ ಅದು ಗಾಳಿಯನ್ನು ಹಿಂದಕ್ಕೆ ಎಳೆಯಲಾರದು. ಹೆಚ್ಚೆಂದರೆ ಹರಿವನ್ನು ಪೂರ್ತಿ ನಿಲ್ಲಿಸಬಹುದು, ಇಲ್ಲವೇ ಪೂರ್ತಿ ಬಿಡಬಹುದು. ಹೀಗೆ ಒಂದೇ ದಿಕ್ಕಿನ ಹರಿವನ್ನು ಕತ್ತರಿಸುವಾಗ ಧ್ವನಿಯ ರೂಪ ಕೆಟ್ಟು, ಬೇಡದ ಮೇಲ್ಸ್ವರಗಳು ಸೇರಿಕೊಳ್ಳುತ್ತವೆ. ಸಂಗೀತಕ್ಕೆ ಇದು ಶತ್ರು. ರಾಕೆಟ್ಟಿನ ಗದ್ದಲವನ್ನು ಅನುಕರಿಸುವಾಗ ಅಷ್ಟು ತೊಂದರೆಯಿಲ್ಲ.

ಆರ್ಗನ್ ಮತ್ತು ಡಯಾಫೋನ್

ಮಂದ್ರವನ್ನು ಗಾಳಿಯಿಂದ ಪಡೆಯುವ ಹಳೆಯ ವಿದ್ಯೆ ಪೈಪ್ ಆರ್ಗನ್ನಿನದು. ತಿದಿಯ ಅಥವಾ ಬ್ಲೋಯರಿನ ಗಾಳಿ ಕೊಳವೆಯ ತುಟಿಗೆ ಬಡಿದು, ಕೊಳವೆಯೊಳಗಿನ ಗಾಳಿಕಂಬ ತನ್ನ ಉದ್ದಕ್ಕೆ ತಕ್ಕ ಸ್ವರದಲ್ಲಿ ಅನುರಣಿಸುತ್ತದೆ. ತೆರೆದ ಕೊಳವೆಯ ಉದ್ದ ಅಲೆಯುದ್ದದ ಅರ್ಧದಷ್ಟಿರಬೇಕು. 32 ಅಡಿಯ ಕೊಳವೆಗೆ 16 ಹರ್ಟ್ಜ್, 64 ಅಡಿಯದಕ್ಕೆ 8 ಹರ್ಟ್ಜ್. ತುದಿ ಮುಚ್ಚಿದರೆ ಅರ್ಧ ಉದ್ದದಲ್ಲೇ ಅದೇ ಸ್ವರ ಬರುತ್ತದೆ, ಆದರೆ ನಾದ ತೆಳುವಾಗುತ್ತದೆ. 1890ರಲ್ಲಿ ಸಿದ್ಧವಾದ ಆಸ್ಟ್ರೇಲಿಯಾದ ಸಿಡ್ನಿ ಟೌನ್ ಹಾಲಿನ ಆರ್ಗನ್ನಿನಲ್ಲಿ ಪೂರ್ಣ 64 ಅಡಿಯ ರೀಡ್ ಸಾಲು, ಅಂದರೆ ತುಟಿಯ ಬದಲು ನಾಲಿಗೆ ಮಿಡಿಯುವ ಕೊಳವೆಗಳ ಸಾಲು ಇದೆ. ಲಂಡನ್ನಿನ ವಿಲಿಯಂ ಹಿಲ್ ಸಂಸ್ಥೆಯ ಕೆಲಸ. ಅದರ ತೀರ ಕೆಳಗಿನ ಸ್ವರಗಳು ಕಿವಿಗೆ ಸ್ವರವಾಗಿ ನಿಲುಕುವುದಿಲ್ಲ. ಬಡಿತಗಳನ್ನು ಒಂದೊಂದಾಗಿ ಗುರುತಿಸಬಹುದು, ಅದರ ಮೇಲ್ಸ್ವರಗಳನ್ನು ಕೇಳಬಹುದು, ಮೇಲಿನ ವಾದ್ಯಗಳಿಗೆಲ್ಲ ಅದು ತಳಪಾಯ ಹಾಕಿದ್ದು ಅನುಭವಕ್ಕೆ ಬರುತ್ತದೆ.

ಅಷ್ಟುದ್ದದ ಕೊಳವೆಗೆ ಜಾಗವಿಲ್ಲದ ಕಡೆ ಆರ್ಗನ್ ತಯಾರಕರು ಕಿವಿಯನ್ನೇ ಸಹಾಯಕ್ಕೆ ಕರೆದರು. 16 ಅಡಿಯ ಕೊಳವೆಯನ್ನೂ ಅದಕ್ಕೆ ಪಂಚಮವಾಗುವ 10⅔ ಅಡಿಯ ಕೊಳವೆಯನ್ನೂ ಕೂಡಿ ನುಡಿಸಿದರೆ ಎರಡರ ಆವೃತ್ತಿಗಳ ವ್ಯತ್ಯಾಸ 32 ಅಡಿಯ ಸ್ವರಕ್ಕೆ ಸಮ. ಇಲ್ಲದ ಆ ಸ್ವರ ಇದ್ದಂತೆ ಕೇಳುತ್ತದೆ. ಪಿಟೀಲುವಾದಕ ಟಾರ್ಟಿನಿ 18ನೆಯ ಶತಮಾನದಲ್ಲಿ ಗುರುತಿಸಿದ ಈ ಮೂರನೆಯ ಸ್ವರವನ್ನು ಆರ್ಗನ್ನಿಗೆ ಬಳಸುವುದನ್ನು ಜರ್ಮನಿಯ ಫೋಗ್ಲರ್ ಪ್ರಚಾರ ಮಾಡಿದ. ಗಾಳಿಯ ಲೆಕ್ಕವನ್ನು ತಪ್ಪಿಸಿಕೊಳ್ಳುವ ದಾರಿ ಇದೊಂದೇ. ಆದರೆ ಮೈಗೆ ತಾಕುವ ನಡುಕ ಇದರಲ್ಲಿ ಬರುವುದಿಲ್ಲ.

ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ರಾಬರ್ಟ್ ಹೋಪ್-ಜೋನ್ಸ್ 1890ರ ದಶಕದಲ್ಲಿ ಡಯಾಫೋನ್ ಎಂಬ ಹೊಸ ಬಗೆಯನ್ನು ಆರ್ಗನ್ನಿಗೆ ತಂದ. ಇದರಲ್ಲಿ ತುಟಿಯೂ ಇಲ್ಲ, ಹಿತ್ತಾಳೆಯ ನಾಲಿಗೆಯೂ ಇಲ್ಲ. ಸ್ಪ್ರಿಂಗಿನ ಮೇಲಿನ ಮುಚ್ಚಳವೊಂದು ಗಾಳಿಯ ಒತ್ತಡಕ್ಕೆ ತಾನೇ ತೆರೆದು ಮುಚ್ಚುತ್ತ, ಕೊಳವೆಯೊಳಕ್ಕೆ ಗಾಳಿಯ ಗುಕ್ಕುಗಳನ್ನು ನೂಕುತ್ತದೆ. ಒತ್ತಡ ಹೆಚ್ಚಿಸಿದಷ್ಟೂ ದನಿ ಹಿಗ್ಗುತ್ತದೆ. ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬೋರ್ಡ್‌ವಾಕ್ ಸಭಾಂಗಣದಲ್ಲಿ 1929ರಿಂದ 1932ರವರೆಗೆ ಮಿಡ್ಮರ್-ಲಾಶ್ ಸಂಸ್ಥೆ ಕಟ್ಟಿದ, 33,000ಕ್ಕೂ ಹೆಚ್ಚು ಕೊಳವೆಗಳ ಮಹಾ ಆರ್ಗನ್ನಿನ 64 ಅಡಿಯ ಸಾಲು ಈ ಜಾತಿಯದೇ.

ಡಯಾಫೋನಿನ ನಿಜವಾದ ಬಾಳು ಮಾತ್ರ ಸಮುದ್ರತೀರದಲ್ಲಿ ನಡೆಯಿತು. ಕೆನಡಾದ ಟೊರಾಂಟೊದ ಜಾನ್ ಪೆಲ್ ನಾರ್ತಿ 20ನೆಯ ಶತಮಾನದ ಆರಂಭದಲ್ಲಿ ಅದನ್ನು ಮಂಜುಕಹಳೆಯಾಗಿ ಮಾರ್ಪಡಿಸಿದ. ಸೀಳುಗಳಿರುವ ಪಿಸ್ಟನ್ ಒತ್ತಡದ ಗಾಳಿಯಿಂದ ಓಲಾಡುತ್ತ ಹರಿವನ್ನು ಕತ್ತರಿಸುತ್ತಿತ್ತು. ಅವಶ್ರವ್ಯದ ಹತ್ತಿರಕ್ಕೂ ಅದು ಹೋಗುತ್ತಿರಲಿಲ್ಲ. ಆದರೂ ದಟ್ಟವಾದ ಆ ತಗ್ಗುದನಿ ಮೈಲಿಗಟ್ಟಲೆ ಸಾಗುತ್ತಿತ್ತು. ಕೊನೆಯಲ್ಲಿ ಗಾಳಿಯ ಒತ್ತಡ ಇಳಿದಾಗ ಪಿಸ್ಟನ್ ನಿಧಾನವಾಗಿ ಹೊರಡುವ ಹೂಂಕಾರದಿಂದಲೇ ನಾವಿಕರು ಡಯಾಫೋನನ್ನು ಗುರುತಿಸುತ್ತಿದ್ದರು.

ಇನ್ನೂ ಸರಳವಾದ ವಾದ್ಯಗಳನ್ನು ಇಲ್ಲಿ ಹೆಸರಿಸಿ ಮುಂದೆ ಹೋಗಬಹುದು. ಆಸ್ಟ್ರೇಲಿಯಾದ ಮೂಲನಿವಾಸಿಗಳು ದಾರಕ್ಕೆ ಕಟ್ಟಿ ಬೀಸುವ ಹಲಗೆ ಗಾಳಿಯಲ್ಲಿ ಹೊರಳುತ್ತ ಗುಡುಗುತ್ತದೆ. ನಮ್ಮ ಘಟವಾದಕರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ ಸಡಿಲಿಸಿ ಒಳಗಿನ ಗಾಳಿಯ ಅನುರಣನೆಯನ್ನು ಏರಿಳಿಸಿ ಗುಮ್ಮೆನಿಸುತ್ತಾರೆ.

ಬೆಂಕಿ, ಮಸಿ, ಕಿಟಕಿ

ಗಾಳಿಯನ್ನು ಹರಿಸಲು ಕಂಪ್ರೆಸರೇ ಬೇಕೆಂದಿಲ್ಲ. ನೆದರ್ಲೆಂಡ್ಸಿನ ಪೀಟರ್ ರೈಕೆ 1859ರಲ್ಲಿ ತೋರಿಸಿದಂತೆ, ನೆಟ್ಟಗೆ ನಿಲ್ಲಿಸಿದ ತೆರೆದ ಕೊಳವೆಯ ಕೆಳಗಿನ ಅರ್ಧದಲ್ಲಿ ಕಾದ ತಂತಿಜಾಲ ಇಟ್ಟರೆ ಮೇಲೇರುವ ಬಿಸಿಗಾಳಿ ತಾನಾಗಿ ಹಾಡತೊಡಗುತ್ತದೆ. 1 ಮೀಟರ್ ಕೊಳವೆ ಸುಮಾರು 170 ಹರ್ಟ್ಜ್‌ನಲ್ಲಿ ನುಡಿಯುತ್ತದೆ. 20 ಹರ್ಟ್ಜ್ ಬೇಕಾದರೆ ಎಂಟೂವರೆ ಮೀಟರಿಗಿಂತ ಉದ್ದ ಬೇಕು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಲಂಡನ್ನಿನ ಮೇಲೆ ಹಾರಿಸಿದ ವಿ-1 ಬಾಂಬಿನ ಎಂಜಿನ್ ಸೆಕೆಂಡಿಗೆ ಸುಮಾರು 45 ಬಾರಿ ಇಂಧನ ಸಿಡಿಸುತ್ತಿತ್ತು. ಆ ಗುಂಯ್ಗುಡುವಿಕೆ ನಿಂತರೆ ಬಾಂಬು ಬೀಳುತ್ತಿದೆ ಎಂದರ್ಥ. ಯಂತ್ರದ ಮಂದ್ರಧ್ವನಿಯೊಂದನ್ನು ಜನ ಅಷ್ಟು ಭಯದಿಂದ ಆಲಿಸಿದ್ದು ಕಡಿಮೆ.

ಶಾಂತಿಯ ಕಾಲದ ಉಪಯೋಗ ಬಾಯ್ಲರುಗಳಲ್ಲಿದೆ. ಕೊಳವೆಗಳ ಮೇಲೆ ಕೂರುವ ಬೂದಿ ಮಸಿಗಳನ್ನು ಉಗಿ ಊದಿ ತೆಗೆಯುವುದು ಮಾಮೂಲಿ ವಿಧಾನ. ಸ್ವೀಡನ್ನಿನಲ್ಲಿ ಇದಕ್ಕೆ ಬದಲಾಗಿ ಅವಶ್ರವ್ಯ ಧ್ವನಿ ಬಳಸುವ ಸಾಧನ ರೂಪುಗೊಂಡಿತು. ಉದ್ದದ ಕೊಳವೆಯೊಂದರ ಮುಚ್ಚಿದ ತುದಿಗೆ ಒತ್ತಡದ ಗಾಳಿಯನ್ನು ಗುಕ್ಕುಗುಕ್ಕಾಗಿ ಬಿಟ್ಟು, ಸುಮಾರು 20 ಹರ್ಟ್ಜ್‌ನಲ್ಲಿ ಅನುರಣಿಸುವಂತೆ ಮಾಡಿ, ತೆರೆದ ತುದಿಯನ್ನು ಬಾಯ್ಲರಿಗೆ ಜೋಡಿಸುತ್ತಾರೆ. ತಗ್ಗು ಆವೃತ್ತಿಯೇ ಇಲ್ಲಿ ಗುಣ. ಅಲೆಯುದ್ದ ಹದಿನೇಳು ಮೀಟರ್ ಮೀರಿರುವುದರಿಂದ ಯಾವ ಕೊಳವೆಯೂ ಅದಕ್ಕೆ ಅಡ್ಡಿಯಲ್ಲ, ಮರೆಯಲ್ಲಿರುವ ಮೂಲೆಯನ್ನೂ ಅದು ಮುಟ್ಟುತ್ತದೆ. 140 ಡೆಸಿಬೆಲ್‌ನಲ್ಲಿ ಗಾಳಿಯ ಕಣಗಳು ಅತ್ತಿತ್ತ ಐದೈದು ಮಿಲಿಮೀಟರ್ ಓಲಾಡುತ್ತವೆ; ಮಸಿ ಗಟ್ಟಿಯಾಗಿ ಅಂಟಿಕೊಳ್ಳುವ ಮೊದಲೇ ಸಡಿಲವಾಗುತ್ತದೆ.

ಬೇಡದೆ ಹುಟ್ಟುವ ಮಂದ್ರವೂ ಇದೆ. ಕಾರಿನ ಹಿಂದಿನ ಒಂದೇ ಕಿಟಕಿ ಇಳಿಸಿ ಹೆದ್ದಾರಿಯಲ್ಲಿ ವೇಗವಾಗಿ ಹೋದರೆ ಕಿವಿ ಗುಬ್ಬೆನ್ನುವ ಬಡಿತ ಶುರುವಾಗುತ್ತದೆ. ಕಿಟಕಿಯಂಚಿನಲ್ಲಿ ಹುಟ್ಟುವ ಸುಳಿಗಳು ಕಾರಿನೊಳಗಿನ ಗಾಳಿಯ ಸಹಜ ಆವೃತ್ತಿಗೆ ತಾಳ ಹಾಕುವುದರಿಂದ 20 ಹರ್ಟ್ಜ್‌ನ ಆಸುಪಾಸಿನಲ್ಲಿ ಇಡೀ ಕಾರು ಅನುರಣಿಸುತ್ತದೆ. ಇನ್ನೊಂದು ಕಿಟಕಿಯನ್ನು ನಾಲ್ಕು ಬೆರಳು ಇಳಿಸಿದರೆ ತಾಳ ತಪ್ಪಿ ನಿಲ್ಲುತ್ತದೆ.

ಮೈಮೇಲಿನ ಪರಿಣಾಮ: ನಿಜ ಮತ್ತು ಉತ್ಪ್ರೇಕ್ಷೆ

1960ರ ದಶಕದಲ್ಲಿ ಫ್ರಾನ್ಸಿನ ಮಾರ್ಸೇ ನಗರದ ಪ್ರಯೋಗಾಲಯದಲ್ಲಿ ವ್ಲಾದಿಮಿರ್ ಗಾವ್ರೋ ಮತ್ತು ಸಂಗಡಿಗರಿಗೆ ಕಾರಣವಿಲ್ಲದೆ ಅಸ್ವಸ್ಥತೆ ಕಾಣಿಸಿಕೊಂಡಿತು. ಹುಡುಕಿದಾಗ ಗಾಳಿಯಾಡಿಸುವ ಫ್ಯಾನೊಂದು 7 ಹರ್ಟ್ಜ್‌ನ ಅವಶ್ರವ್ಯ ಧ್ವನಿ ಹೊರಡಿಸುತ್ತಿದ್ದುದು ಸಿಕ್ಕಿತು. ಬಳಿಕ ಅವರು 24 ಮೀಟರ್ ಉದ್ದದ ಕೊಳವೆ, ದೈತ್ಯ ಸೀಟಿಗಳನ್ನು ಕಟ್ಟಿ ಪ್ರಯೋಗ ನಡೆಸಿದರು. ಪತ್ರಿಕೆಗಳು ಅದನ್ನು ಕೊಲ್ಲುವ ಧ್ವನಿ, ಕಟ್ಟಡ ಉರುಳಿಸುವ ಧ್ವನಿ ಎಂದು ಬಣ್ಣಿಸಿದವು. ಈ ಮಾತನ್ನು ಇಂದಿಗೂ ಕೆಲವರು ಪುನರುಚ್ಚರಿಸುವುದು ವಿಷಾದದ ಸಂಗತಿ. ಗಾಳಿಯ ಲೆಕ್ಕ ಗೊತ್ತಿರುವ ಯಾರೂ ಅದನ್ನು ನಂಬಲಾರರು. ಬಯಲಿನಲ್ಲಿ ಅಂಥ ಬಲದ 7 ಹರ್ಟ್ಜ್ ಧ್ವನಿ ಹೊರಡಿಸಲು ಬೇಕಾಗುವ ಯಂತ್ರವನ್ನು ಯುದ್ಧಭೂಮಿಗೆ ಹೊತ್ತೊಯ್ಯುವುದೇ ಅಸಾಧ್ಯ. 2007ರಲ್ಲಿ ಡ್ಯಾನ್ಲಿಯವರ ಸಂಸ್ಥೆ ಅಮೆರಿಕದ ಸೇನೆಗಾಗಿ 250 ಮೀಟರ್ ದೂರದಲ್ಲಿ 15ರಿಂದ 20 ಹರ್ಟ್ಜ್‌ನ 94 ಡೆಸಿಬೆಲ್ ಮಾತ್ರ ಕೊಡಬೇಕಾದ ಯಂತ್ರ ಕಟ್ಟಿತು. ಅದಕ್ಕೆ 15 ಇಂಚಿನ 40 ಸ್ಪೀಕರುಗಳಿದ್ದ, 20 ಅಡಿಯ ಸರಕು ಕಂಟೈನರೇ ಬೇಕಾಯಿತು.

ಫ್ಯಾನಿನ ಇನ್ನೊಂದು ಕತೆ ಇಂಗ್ಲೆಂಡಿನ ಕಾವೆಂಟ್ರಿಯದು. ದೆವ್ವವಿದೆಯೆಂಬ ಮಾತಿದ್ದ ಪ್ರಯೋಗಾಲಯದಲ್ಲಿ ಎಂಜಿನಿಯರ್ ವಿಕ್ ಟ್ಯಾಂಡಿಗೆ ಬೂದುಬಣ್ಣದ ಆಕೃತಿ ಕಂಡಂತಾಯಿತು. ಮರುದಿನ ಬಿಗಿಹಿಡಿಯುವ ವೈಸ್‌ನಲ್ಲಿ ಸಿಕ್ಕಿಸಿದ್ದ ಕತ್ತಿವರಸೆಯ ಕತ್ತಿ ತಾನಾಗಿ ನಡುಗಿತು. ಹೊಸದಾಗಿ ಹಾಕಿದ್ದ ಎಕ್ಸಾಸ್ಟ್ ಫ್ಯಾನು ಕೋಣೆಯಲ್ಲಿ ಸುಮಾರು 19 ಹರ್ಟ್ಜ್‌ನ ನಿಂತ ಅಲೆ ಎಬ್ಬಿಸಿತ್ತು. 1998ರಲ್ಲಿ ಅವರು ಇದನ್ನು ಪ್ರಕಟಿಸಿದರು. 2003ರ ಮೇ ತಿಂಗಳಲ್ಲಿ ಲಂಡನ್ನಿನ ಪರ್ಸೆಲ್ ರೂಮಿನಲ್ಲಿ ಸಂಗೀತಗಾರ್ತಿ ಸಾರಾ ಆಂಗ್ಲಿಸ್, ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್ಮನ್ ಮತ್ತಿತರರು 7 ಮೀಟರ್ ಕೊಳವೆಯಿಂದ 17 ಹರ್ಟ್ಜ್ ಧ್ವನಿಯನ್ನು ಕಛೇರಿಯ ನಡುವೆ ಸೇರಿಸಿದಾಗ ಕೇಳುಗರಲ್ಲಿ ಹಲವರು ವಿಚಿತ್ರ ಅನುಭವಗಳನ್ನು ವರದಿ ಮಾಡಿದರು. ಆದರೆ 2009ರಲ್ಲಿ ಪ್ರಕಟವಾದ, ಕೃತಕ ದೆವ್ವದ ಕೋಣೆಯನ್ನೇ ಕಟ್ಟಿ ನಡೆಸಿದ ಲಂಡನ್ನಿನ ಇನ್ನೊಂದು ಅಧ್ಯಯನದಲ್ಲಿ ಅವಶ್ರವ್ಯ ಧ್ವನಿಯ ಪ್ರಭಾವ ಕಾಣಲಿಲ್ಲ. ದೆವ್ವಕ್ಕೆ ಧ್ವನಿಯೇ ಕಾರಣವೆಂದು ಈಗಲೇ ಹೇಳುವುದು ಆತುರವಾದೀತು.

ಕಿವಿಯೊಳಗಿನ ವಾಲ್ವ್

ಇದೇ ತತ್ವ ಈಗ ಇಯರ್‌ಬಡ್‌ಗಳಿಗೆ ಬಂದಿದೆ. ಸಿಲಿಕಾನ್ ಚಿಪ್ಪಿನ ಮೇಲೆ ಕೆತ್ತಿದ ಸ್ಪೀಕರಿನ ಪೊರೆ ಕೂದಲೆಳೆಯಷ್ಟೂ ಚಲಿಸಲಾರದು. ಮಂದ್ರ ಅದರ ದೌರ್ಬಲ್ಯ. ಅಮೆರಿಕದ ಎಕ್ಸ್‌ಮೆಮ್ಸ್ ಕಂಪನಿ 2023ರ ನವೆಂಬರಿನಲ್ಲಿ ಪ್ರಕಟಿಸಿದ ಸೈಪ್ರೆಸ್ ಎಂಬ ಚಿಪ್ ಬೇರೆ ದಾರಿ ಹಿಡಿಯಿತು. ಅದರ ಪೊರೆ ಕಿವಿಗೆ ಕೇಳದ ಶ್ರವಣಾತೀತ ಆವೃತ್ತಿಯಲ್ಲಿ ಬಿಡದೆ ಕಂಪಿಸಿ ಗಾಳಿಯ ಪುಟ್ಟ ಗುಕ್ಕುಗಳನ್ನು ಹೊಡೆಯುತ್ತಲೇ ಇರುತ್ತದೆ. ಸಂಗೀತದ ಸಂಕೇತ ಆ ಗುಕ್ಕುಗಳ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಅದೇ ತಾಳದಲ್ಲಿ ತೆರೆದು ಮುಚ್ಚುವ ಸೂಕ್ಷ್ಮ ಕವಾಟ ಬೇಕಾದ ಗುಕ್ಕುಗಳನ್ನಷ್ಟೆ ಹೊರಬಿಟ್ಟು ಅವುಗಳನ್ನು ಒಂದು ದಿಕ್ಕಿಗೆ ಕೂಡಿಹಾಕುತ್ತದೆ. ಕಿವಿಯ ಕಾಲುವೆಯ ಗಾಳಿ ಹೆಚ್ಚೆಂದರೆ 2 ಘನ ಸೆಂಟಿಮೀಟರ್, ಇಯರ್‌ಬಡ್ ಅದನ್ನು ಬಿಗಿಯಾಗಿ ಮುಚ್ಚಿರುತ್ತದೆ. ಅಲ್ಲಿ 140 ಡೆಸಿಬೆಲ್‌ನಷ್ಟು ಒತ್ತಡ ಹುಟ್ಟಿಸಲು 3ರಿಂದ 4 ಘನ ಮಿಲಿಮೀಟರ್ ಗಾಳಿ ಸರಿದರೆ ಸಾಕು.